ಮೊದಲು ರೊಟ್ಟಿ, ಆಮೇಲೆ ಹಸು, ಕೊನೆಗೆ ಬ್ಯಾಂಕು: ರೈಫೈಸನ್ ಅವರ ಬದುಕು

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಸಹಕಾರ ಸಂಘದ ಬಗ್ಗೆ ಒಂದು ಭಾಗವಿದೆ. ಅರ್ಥ, ಲಕ್ಷಣಗಳು, ಅನುಕೂಲಗಳು, ಮಿತಿಗಳು ಎಂದು ಕಾಮರ್ಸ್‌ನವರೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೆ ಈ ವಿಚಾರವನ್ನು ಹಳ್ಳಿಯ ಬಡ ರೈತನ ಬಾಗಿಲಿಗೆ ತಂದವರು ಯಾರು, ಅದು ಅವರಿಗೆ ಯಾವ ಕಷ್ಟದಲ್ಲಿ ಹೊಳೆಯಿತು ಎಂಬುದು ಆ ಪಾಠದಲ್ಲಿ ಇಲ್ಲ. ಹಾಗೆ ತಂದವರಲ್ಲಿ ಮುಖ್ಯರಾದವರು ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಅವರು ಬ್ಯಾಂಕಿನ ಮನುಷ್ಯರಲ್ಲ, ಅರ್ಥಶಾಸ್ತ್ರ ಓದಿದವರಲ್ಲ, ಕಾಲೇಜಿನ ಮೆಟ್ಟಿಲು ಹತ್ತಿದವರೂ ಅಲ್ಲ. ಹಳ್ಳಿಗಳನ್ನು ನೋಡಿಕೊಳ್ಳುವ ಒಬ್ಬ ಸಣ್ಣ ಸರ್ಕಾರಿ ಅಧಿಕಾರಿ, ಅದೂ ಕಣ್ಣು ಸರಿಯಾಗಿ ಕಾಣದವರು.

ರೈಫೈಸನ್ ಹುಟ್ಟಿದ್ದು 1818ರ ಮಾರ್ಚ್ 30ರಂದು, ಜೀಗ್ ನದಿಯ ದಂಡೆಯ ಹಾಮ್ ಎಂಬ ಊರಿನಲ್ಲಿ. ಆಗ ಜರ್ಮನಿ ಎಂಬ ಒಂದೇ ದೇಶ ಇರಲಿಲ್ಲ. ಆ ಭಾಗ ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು. ಮನೆಯಲ್ಲಿ ಒಂಬತ್ತು ಮಕ್ಕಳು, ಇವರು ಏಳನೆಯವರು. ತಂದೆ ಬೇಸಾಯಗಾರರು, ಸ್ವಲ್ಪ ಕಾಲ ಊರಿನ ಮುಖ್ಯಸ್ಥರೂ ಆಗಿದ್ದರು. ಆದರೆ ಅವರು ಕಾಯಿಲೆ ಬಿದ್ದ ಮೇಲೆ ಸಂಸಾರದ ಭಾರವೆಲ್ಲ ತಾಯಿಯ ತಲೆಗೆ ಬಂತು. ಮಗನನ್ನು ದೊಡ್ಡ ಶಾಲೆಗೆ ಕಳಿಸುವಷ್ಟು ದುಡ್ಡು ಇರಲಿಲ್ಲ. ಊರಿನ ಶಾಲೆ ಮುಗಿದ ಮೇಲೆ ಅಲ್ಲಿನ ಪಾದ್ರಿಯವರೇ ಪಾಠ ಹೇಳಿಕೊಟ್ಟರು. ಅಷ್ಟೇ ಅವರ ವಿದ್ಯಾಭ್ಯಾಸ.

ಹದಿನೇಳನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ವಯಸ್ಸಿನಲ್ಲಿ, ಅವರು ಸೈನ್ಯಕ್ಕೆ ಸೇರಿದರು. ಕೊಲೋನ್ ನಗರದಲ್ಲಿ ಫಿರಂಗಿ ದಳ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನಿಗೆ ಅಲ್ಲಿ ಮೇಲೆ ಬರುವ ಅವಕಾಶವಿತ್ತು. ಆದರೆ ಕಣ್ಣಿನ ಕಾಯಿಲೆ ಶುರುವಾಯಿತು. 1843ರಲ್ಲಿ, 25ನೆಯ ವಯಸ್ಸಿನಲ್ಲಿ, ಸೈನ್ಯ ಬಿಡಬೇಕಾಯಿತು. ಆಮೇಲೆ ಕೋಬ್ಲೆಂಟ್ಸ್ ಎಂಬ ಊರಿನ ಸರ್ಕಾರಿ ಕಚೇರಿಯಲ್ಲಿ ಕೆಲಸ ಕಲಿತರು. ಎರಡು ವರ್ಷದ ನಂತರ, 1845ರಲ್ಲಿ, ವೈಯರ್‌ಬುಷ್ ಎಂಬ ಕಡೆ ಮೇಯರ್ ಆಗಿ ನೇಮಕವಾದರು. ಅದೇ ವರ್ಷ ಔಷಧಿ ಅಂಗಡಿಯವರೊಬ್ಬರ ಮಗಳು ಎಮಿಲೀ ಜೊತೆ ಮದುವೆಯೂ ಆಯಿತು.

ಮೇಯರ್ ಎಂದ ಕೂಡಲೇ ನಮ್ಮ ಮಹಾನಗರ ಪಾಲಿಕೆಯ ಮೇಯರ್ ನೆನಪಾಗಬಹುದು. ಇದು ಹಾಗಲ್ಲ. ಗುಡ್ಡಗಾಡಿನ 20ಕ್ಕೂ ಹೆಚ್ಚು ಬಡ ಹಳ್ಳಿಗಳ ಆಡಳಿತ ನೋಡುವ ಹುದ್ದೆ. ನಮ್ಮ ಕಡೆಯ ನಾಡಕಚೇರಿಯ ಅಧಿಕಾರಿಯಂತೆ ಎಂದುಕೊಳ್ಳಬಹುದು. ಆ ಪ್ರದೇಶಕ್ಕೆ ವೆಸ್ಟರ್‌ವಾಲ್ಡ್ ಎಂದು ಹೆಸರು. ಚಳಿ ಜಾಸ್ತಿ, ಮಣ್ಣು ತೆಳುವು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲಗಳು ಚೂರು ಚೂರಾಗಿದ್ದವು. ಜನ ಉಣ್ಣುತ್ತಿದ್ದುದು ಆಲೂಗಡ್ಡೆ, ಮತ್ತು ರೈ ಎಂಬ ಧಾನ್ಯದ ಹಿಟ್ಟಿನ ಕಪ್ಪು ರೊಟ್ಟಿ. ಇವೆರಡೂ ಕೈಕೊಟ್ಟರೆ ಮೂರನೆಯದು ಇರಲಿಲ್ಲ.

ಕೈಕೊಟ್ಟವು. 1845ರಿಂದ ಯುರೋಪಿನ ಆಲೂಗಡ್ಡೆ ಬೆಳೆಗೆ ಕೊಳೆ ರೋಗ ತಗುಲಿತ್ತು. ಐರ್ಲೆಂಡಿನಲ್ಲಿ ಹತ್ತು ಲಕ್ಷ ಜನರ ಪ್ರಾಣ ತೆಗೆದ ಕ್ಷಾಮ ಇದೇ ರೋಗದಿಂದ ಆದದ್ದು. 1846ರಲ್ಲಿ ರೈ ಬೆಳೆಯೂ ಹಾಳಾಯಿತು. ಆ ವರ್ಷದ ಚಳಿಗಾಲದ ಹೊತ್ತಿಗೆ ವೈಯರ್‌ಬುಷ್ ಸುತ್ತಮುತ್ತಲಿನ ಮನೆಗಳಲ್ಲಿ ಹೊಟ್ಟೆಗೆ ಹಿಟ್ಟಿಲ್ಲದ ಸ್ಥಿತಿ. ಅಂಗಡಿಯಲ್ಲಿ ಧಾನ್ಯ ಇದ್ದರೂ ಬೆಲೆ ಕೈಗೆ ಸಿಗದಷ್ಟು ಏರಿತ್ತು. ಅದೇ 1846ರಲ್ಲಿ ರೈಫೈಸನ್ ಅವರ ಮನೆಯಲ್ಲಿ ಮೊದಲ ಮಗು ಹುಟ್ಟಿತು. ಹೆಸರು ಅಮಾಲಿಯೆ. ಈ ಹುಡುಗಿಯ ಹೆಸರು ಮುಂದೆಯೂ ಬರುತ್ತದೆ.

ಮೇಯರ್ ಸಾಹೇಬರು ಸರ್ಕಾರಕ್ಕೆ ಪತ್ರ ಬರೆದರು. ಸರ್ಕಾರ ತನ್ನ ದಾಸ್ತಾನಿನಿಂದ ಧಾನ್ಯ ಕೊಟ್ಟಿತು. ಆದರೆ ಜೊತೆಗೆ ಒಂದು ಆದೇಶ: ನಗದು ಕೊಟ್ಟವರಿಗೆ ಮಾತ್ರ ಮಾರಬೇಕು, ಉದ್ದರಿ ಕೊಡಬಾರದು. ಹಸಿದವನ ಬಳಿ ನಗದು ಇದ್ದಿದ್ದರೆ ಅವನು ಹಸಿದಿರುತ್ತಿರಲಿಲ್ಲ ಎಂಬ ಸರಳ ವಿಷಯ ಆದೇಶ ಬರೆದವರಿಗೆ ತೋಚಲಿಲ್ಲ ಅನಿಸುತ್ತದೆ. ರೈಫೈಸನ್ ಅವರಿಗೆ ಆಗ 28 ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿಲ್ಲ, ಮನೆಯಲ್ಲಿ ಎಳೆ ಮಗು. ಆದೇಶ ಪಾಲಿಸಿ ಸುಮ್ಮನಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಊರಿನ ಅನುಕೂಲಸ್ಥರನ್ನು ಕೂಡಿಸಿ ಬಡವರಿಗಾಗಿ ಒಂದು ಸಮಿತಿ ಮಾಡಿದರು. ಸರ್ಕಾರದ ಧಾನ್ಯವನ್ನು ನಗದಿಲ್ಲದವರಿಗೂ ಸಾಲವಾಗಿ ಕೊಟ್ಟರು. ಸುಗ್ಗಿ ಬಂದ ಮೇಲೆ ತೀರಿಸಬೇಕು ಎಂಬುದು ಒಪ್ಪಂದ.

ಅಷ್ಟಕ್ಕೇ ನಿಲ್ಲಲಿಲ್ಲ. ಅನುಕೂಲಸ್ಥರಿಂದ ಹಣ ಸೇರಿಸಿ ಹೊರಗಿನಿಂದ ಇನ್ನಷ್ಟು ಧಾನ್ಯ ತರಿಸಿದರು. ಊರಿನಲ್ಲೇ ಎಲ್ಲರಿಗೂ ಸೇರಿದ ಒಂದು ರೊಟ್ಟಿ ಒಲೆ ಕಟ್ಟಿಸಿದರು. ಇದೇ ವೈಯರ್‌ಬುಷ್ ರೊಟ್ಟಿ ಸಂಘ. ಮಧ್ಯವರ್ತಿಗಳಿಲ್ಲದೆ ಸುಟ್ಟ ಆ ರೊಟ್ಟಿಯ ಬೆಲೆ ಹೊರಗಿನ ಬೆಲೆಯ ಸುಮಾರು ಅರ್ಧಕ್ಕೆ ಇಳಿಯಿತು. ಮುಂದಿನ ಬಿತ್ತನೆಗೆ ಬೀಜದ ಆಲೂಗಡ್ಡೆಯನ್ನೂ ಸಂಘವೇ ಒದಗಿಸಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಈ ಬೀಜದ ಮಾತೇ. ಹಸಿದವರು ಬೀಜವನ್ನೂ ಬೇಯಿಸಿ ತಿಂದುಬಿಡುತ್ತಾರೆ. ಆಮೇಲೆ ಮುಂದಿನ ವರ್ಷವೂ ಹಸಿವೆ. ಇಂದಿನ ಊಟ ಕೊಡುವಾಗಲೇ ಮುಂದಿನ ಬೆಳೆಯನ್ನೂ ನೋಡಿಕೊಂಡವರು ಅವರು.

2020ರ ಲಾಕ್‌ಡೌನ್ ನಮಗೆಲ್ಲ ನೆನಪಿದೆ. ಆಗ ನಾವು ಪ್ರೈಮರಿ ಶಾಲೆಯ ಮಕ್ಕಳು. ನಮ್ಮ ಗಲ್ಲಿಯಲ್ಲಿ ಹೆಚ್ಚಿನವರು ದಿನಗೂಲಿಯವರು: ಗ್ಯಾರೇಜು, ಗೌಂಡಿ ಕೆಲಸ, ತಳ್ಳುಗಾಡಿ, ಟೇಲರಿಂಗು. ರೇಷನ್ ಕಿಟ್ಟುಗಳು ಬಂದವು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಕೊಟ್ಟವರಿಗೆ ದೇವರು ಒಳ್ಳೆಯದು ಮಾಡಲಿ, ಆ ದಿನಗಳಲ್ಲಿ ಅದರಿಂದಲೇ ಒಲೆ ಉರಿಯಿತು. ಆದರೆ ಲಾಕ್‌ಡೌನ್ ತೆಗೆದ ಮೇಲೆ ಕಿಟ್ಟು ನಿಂತಿತು, ಕೆಲಸ ಮಾತ್ರ ಪೂರ್ತಿ ಶುರುವಾಗಿರಲಿಲ್ಲ. ಬಾಡಿಗೆ ಬಾಕಿ, ಅಂಗಡಿ ಬಾಕಿ. ಹೊಲಿಗೆ ಯಂತ್ರ ಅಡವಿಟ್ಟವರು ಅದನ್ನು ಬಿಡಿಸಿಕೊಳ್ಳಲು ಮತ್ತೆ ಸಾಲ ಮಾಡಿದರು. ಯಂತ್ರ ಅಡವಿಗೆ ಹೋದ ಮೇಲೆ ದುಡಿಯುವುದಾದರೂ ಯಾವುದರಿಂದ? ರೈಫೈಸನ್ ಅವರ ಕಥೆಯ ಎರಡನೆಯ ಭಾಗ ಇದೇ ಪ್ರಶ್ನೆಯಿಂದ ಶುರುವಾಗುತ್ತದೆ. ಅಲ್ಲಿ ಹೊಲಿಗೆ ಯಂತ್ರದ ಜಾಗದಲ್ಲಿ ಹಸು ಇತ್ತು.

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್ ಎಂಬ ಕಡೆಗೆ ವರ್ಗವಾಯಿತು. ಇನ್ನೂ ದೊಡ್ಡ ವ್ಯಾಪ್ತಿ, 30ಕ್ಕೂ ಹೆಚ್ಚು ಹಳ್ಳಿಗಳು. ಕ್ಷಾಮ ಕಳೆದಿತ್ತು, ಸಾಲ ಕಳೆದಿರಲಿಲ್ಲ. ಸಣ್ಣ ರೈತನಿಗೆ ಹಸು ಎಂದರೆ ಹಾಲು, ಗೊಬ್ಬರ, ಹೂಡಲು ಎತ್ತಿನ ಬದಲು, ಎಲ್ಲವೂ. ಕ್ಷಾಮದಲ್ಲಿ ಹಸು ಮಾರಿದವನಿಗೆ ದನದ ವ್ಯಾಪಾರಿ ಹೊಸ ಹಸು ತಂದು ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದ, ಆದರೆ ಮಾಲೀಕತ್ವ ತನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದ. ಮೇವು ರೈತನದು, ಚಾಕರಿ ರೈತನದು, ಕರುವಿನಲ್ಲಿ ಮತ್ತು ಮಾರಾಟದಲ್ಲಿ ಲಾಭ ವ್ಯಾಪಾರಿಯದು. ನಮ್ಮ ಹಳ್ಳಿಗಳಲ್ಲಿ ಆಡು, ಆಕಳು ಪಾಲಿಗೆ ಸಾಕುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಪಾಲು ಸಾಮಾನ್ಯವಾಗಿ ಅರ್ಧರ್ಧ. ಅಲ್ಲಿ ವ್ಯಾಪಾರಿ ಹೇಳಿದ್ದೇ ಲೆಕ್ಕ. ಬಾಕಿ ಬೆಳೆದರೆ ಕೊನೆಗೆ ಹೊಲವೇ ಹರಾಜಾಗುತ್ತಿತ್ತು.

1849ರ ಕೊನೆಯಲ್ಲಿ ರೈಫೈಸನ್ ಸುಮಾರು 60 ಮಂದಿ ಅನುಕೂಲಸ್ಥರನ್ನು ಒಪ್ಪಿಸಿ ಬಡ ರೈತರಿಗೆ ನೆರವಾಗುವ ಸಂಘ ಕಟ್ಟಿದರು. ಈ 60 ಜನ ಕೈಯಿಂದ ದಾನ ಕೊಡಲಿಲ್ಲ, ತಮ್ಮ ಹೆಸರು ಕೊಟ್ಟರು. ಸಂಘದ ಸಾಲಕ್ಕೆಲ್ಲ ತಾವು ಒಟ್ಟಾಗಿ, ತಮ್ಮ ಇಡೀ ಆಸ್ತಿಯ ಮೇಲೆ ಜವಾಬ್ದಾರರು ಎಂದು ಸಹಿ ಹಾಕಿದರು. ಪಾಲುದಾರಿಕೆ ಸಂಸ್ಥೆಯ ಪಾಠದಲ್ಲಿ ಬರುವ ಅಪರಿಮಿತ ಹೊಣೆಗಾರಿಕೆ ಇದೇ. ಇಂಥ ಸಹಿ ಇದ್ದ ಮೇಲೆ ಹೊರಗಿನವರು ಧೈರ್ಯವಾಗಿ ಸಂಘಕ್ಕೆ ಹಣ ಕೊಟ್ಟರು. ಸಂಘ ಹಸು ಕೊಂಡು ರೈತನಿಗೆ ಕೊಟ್ಟಿತು. ರೈತ ಐದು ವರ್ಷಗಳಲ್ಲಿ ಕಂತು ಕಂತಾಗಿ ತೀರಿಸಬೇಕು. ನಂತರ ಹಸುವಿನ ಬದಲು ನೇರವಾಗಿ ಹಣವನ್ನೇ ಸಾಲ ಕೊಡಲು ಆರಂಭಿಸಿದರು.

ಐದು ವರ್ಷ ಎಂಬುದನ್ನು ಗಮನಿಸಿ. ಅಂಗಡಿಯವನಿಗೆ ಸಾಲ ಕೊಟ್ಟರೆ ಮೂರು ತಿಂಗಳಲ್ಲಿ ಸರಕು ಮಾರಿ ತೀರಿಸಬಹುದು. ಹಸು ಮೂರು ತಿಂಗಳಲ್ಲಿ ಸಾಲ ತೀರಿಸುವುದಿಲ್ಲ. ನಮ್ಮ ಖಾಲಾ ಒಂದು ಮಹಿಳಾ ಗುಂಪಿನಲ್ಲಿ ಸಾಲ ತೆಗೆದು ಎಮ್ಮೆ ಕೊಂಡರು. ಕಂತು ಮುಂದಿನ ವಾರದಿಂದಲೇ ಶುರು. ಎಮ್ಮೆ ಇನ್ನೂ ಈದಿರಲಿಲ್ಲ, ಆದರೂ ಪ್ರತಿ ಮಂಗಳವಾರ ಬೆಳಿಗ್ಗೆ ವಸೂಲಿಯವರು ಬಂದು ಕೂರುತ್ತಿದ್ದರು. ಕೊನೆಗೆ ಖಾಲಾ ಕಂತು ಕಟ್ಟಿದ್ದು ನಮ್ಮ ಅಮ್ಮಿಯ ಹತ್ತಿರ ಕೈಗಡ ತೆಗೆದುಕೊಂಡು. ಸಾಲದ ಅವಧಿ ಸಾಲದ ಉದ್ದೇಶಕ್ಕೆ ಹೊಂದಬೇಕು ಎಂಬುದನ್ನು ರೈಫೈಸನ್ 170 ವರ್ಷಗಳ ಹಿಂದೆ ಲೆಕ್ಕ ಹಾಕಿದ್ದರು.

1852ರಲ್ಲಿ ಮತ್ತೆ ವರ್ಗ. ಈ ಸಲ ರೈನ್ ನದಿಯ ಹತ್ತಿರ ನಾಯ್‌ವೀಡ್ ಪಟ್ಟಣಕ್ಕೆ ಅಂಟಿಕೊಂಡ ಹೆಡೆಸ್‌ಡಾರ್ಫ್. ಉಳಿದ ಆಯುಷ್ಯವೆಲ್ಲ ಅವರು ಇಲ್ಲಿಯೇ ಕಳೆದರು. 1854ರಲ್ಲಿ ಇಲ್ಲಿ ಕಟ್ಟಿದ ಸಂಘದ ಗುರಿಗಳು ತುಂಬ ದೊಡ್ಡವು: ಯಾರೂ ನೋಡಿಕೊಳ್ಳದ ಮಕ್ಕಳ ಪಾಲನೆ, ಕೆಲಸವಿಲ್ಲದವರಿಗೆ ಮತ್ತು ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ, ರೈತರಿಗೆ ಸಾಲ, ಹೀಗೆ. ಕೆಲವು ವರ್ಷಗಳಲ್ಲಿ ಉಳಿದೆಲ್ಲ ಒಂದೊಂದಾಗಿ ಬಿದ್ದುಹೋಗಿ ಸಾಲ ಕೊಡುವ ಕೆಲಸ ಮಾತ್ರ ಉಳಿಯಿತು. ಅದೂ ಸೊರಗುತ್ತಿತ್ತು. ಏಕೆಂದರೆ ಹೊಣೆ ಹೊತ್ತವರು ಶ್ರೀಮಂತರು, ಸಾಲ ಪಡೆಯುವವರು ಬಡವರು. ಕ್ಷಾಮದ ಬಿಸಿ ಇದ್ದಾಗ ಶ್ರೀಮಂತರ ಮನಸ್ಸು ಕರಗಿತ್ತು. ಹತ್ತು ವರ್ಷ ಕಳೆದ ಮೇಲೆ ತಮಗೆ ಏನೂ ಸಿಗದ ಒಂದು ಸಂಘಕ್ಕೆ ತಮ್ಮ ಆಸ್ತಿ ಒತ್ತೆ ಇಡಲು ಅವರಿಗೆ ಬೇಸರ ಬಂತು. ಒಬ್ಬೊಬ್ಬರೇ ಹೊರಗೆ ಹೋದರು.

ರೈಫೈಸನ್ ಅವರಿಗೆ ಇದು ಕಷ್ಟದ ಕಾಲ. ಅವರು ಭಕ್ತ ಕ್ರೈಸ್ತರು. ಉಳ್ಳವರು ಇಲ್ಲದವರಿಗೆ ಕೊಡಬೇಕು ಎಂಬುದು ಅವರಿಗೆ ಧರ್ಮದ ಮಾತು. ಅದೇ ಹೊತ್ತಿಗೆ ಹರ್ಮನ್ ಶುಲ್ಟ್ಸೆ ಡೆಲಿಚ್ ಎಂಬ ನ್ಯಾಯಾಧೀಶರು ಪಟ್ಟಣಗಳ ಕುಶಲಕರ್ಮಿಗಳಿಗಾಗಿ ಸಾಲದ ಸಂಘಗಳನ್ನು ಕಟ್ಟಿದ್ದರು. ಅವರ ಮಾತು ಬೇರೆ: ಸಾಲ ಬೇಕಾದವರೇ ಸಂಘದ ಸದಸ್ಯರಾಗಬೇಕು, ಹೊಣೆಯನ್ನೂ ಅವರೇ ಹೊರಬೇಕು, ದಾನ ನಂಬಿ ಕೂರಬಾರದು. ಇಬ್ಬರ ನಡುವೆ ಪತ್ರ ವ್ಯವಹಾರ ನಡೆಯಿತು. ರೈಫೈಸನ್ ಇಷ್ಟಪಟ್ಟು ಒಪ್ಪಲಿಲ್ಲ, ಆದರೆ ಕಣ್ಣೆದುರಿನ ಲೆಕ್ಕ ಅದನ್ನೇ ಹೇಳುತ್ತಿತ್ತು. 1864ರಲ್ಲಿ ಹಳೆಯ ಸಂಘವನ್ನು ಮುಚ್ಚಿ ಹೆಡೆಸ್‌ಡಾರ್ಫ್ ಸಾಲ ಸಂಘವನ್ನು ಕಟ್ಟಿದರು. ಇಲ್ಲಿ ಸಾಲ ಪಡೆಯುವವನೂ ಸದಸ್ಯ, ಉಳಿತಾಯ ಇಡುವವನೂ ಸದಸ್ಯ. ಇನ್ನು ಮುಂದೆ ಬಡ ರೈತ ಅರ್ಜಿ ಹಿಡಿದು ನಿಲ್ಲುವವನಲ್ಲ, ಸಭೆಯಲ್ಲಿ ಕೂತು ಕೈ ಎತ್ತುವವನು.

ಈ ಸಂಘ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಾಮರ್ಸ್‌ನವರಿಗೆ ಇದು ರುಚಿಸಬಹುದು. ಒಂದು ಸಂಘದ ವ್ಯಾಪ್ತಿ ಒಂದು ಊರು, ಅಥವಾ ಅಕ್ಕಪಕ್ಕದ ಕೆಲವು ಸಣ್ಣ ಹಳ್ಳಿಗಳು, ಅಷ್ಟೇ. ಯಾರು ದುಡಿಯುತ್ತಾನೆ, ಯಾರು ಕುಡಿಯುತ್ತಾನೆ ಎಂದು ಎಲ್ಲರಿಗೂ ಗೊತ್ತಿರಬೇಕು. ಅಡವಿಡಲು ಏನೂ ಇಲ್ಲದವನಿಗೆ ನೆರೆಯವರ ಈ ತಿಳುವಳಿಕೆಯೇ ಅಡಮಾನ. ಹಸುವಿಗೆಂದು ಸಾಲ ಪಡೆದವನ ಕೊಟ್ಟಿಗೆಯಲ್ಲಿ ಹಸು ಇದೆಯೋ ಇಲ್ಲವೋ ನೋಡಲು ಇನ್ಸ್‌ಪೆಕ್ಟರ್ ಬೇಕಿಲ್ಲ, ದಾರಿಯಲ್ಲಿ ಹೋಗುವವರಿಗೇ ಕಾಣುತ್ತದೆ. ಎಲ್ಲ ಸದಸ್ಯರದೂ ಅಪರಿಮಿತ ಹೊಣೆ. ಒಬ್ಬ ಮುಳುಗಿದರೆ ಎಲ್ಲರಿಗೂ ನೀರು. ಆದ್ದರಿಂದ ಯಾರೂ ಮುಳುಗದಂತೆ ಎಲ್ಲರೂ ನೋಡಿಕೊಳ್ಳುತ್ತಾರೆ. ಆಡಳಿತ ಮಂಡಳಿಗೆ ಸಂಬಳ ಇಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಉಂಟು. ದುಡಿಮೆಗೆ ಬೇಕಾದ ಕಾರಣಕ್ಕಷ್ಟೇ ಸಾಲ. ಲಾಭ ಬಂದರೆ ಡಿವಿಡೆಂಡ್ ಹಂಚುವಂತಿಲ್ಲ, ಅದು ರಿಸರ್ವ್ ಫಂಡಿಗೆ ಹೋಗಬೇಕು. ಆ ಫಂಡನ್ನು ಯಾವ ಕಾಲಕ್ಕೂ ಸದಸ್ಯರು ಪಾಲು ಮಾಡಿಕೊಳ್ಳುವಂತಿಲ್ಲ. ಅದು ಊರಿನದು. ಮುಂದಿನ ಬರಗಾಲಕ್ಕೆ ಇಟ್ಟ ಗಂಟು ಎನ್ನಬಹುದು.

ಬಡ್ಡಿ ಇತ್ತೇ ಎಂದು ನಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಈ ಲೇಖನದ ವಿಷಯ ಹೇಳಿದಾಗ ಅಬ್ಬಾ ಕೇಳಿದ ಮೊದಲ ಪ್ರಶ್ನೆಯೇ ಸೂದ್ ಬಗ್ಗೆ. ಇತ್ತು. ಉಳಿತಾಯ ಇಟ್ಟವರಿಗೆ ಕೊಡುತ್ತಿದ್ದರು, ಸಾಲ ಪಡೆದವರಿಂದ ಅದಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತಿದ್ದರು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ವ್ಯತ್ಯಾಸದ ಹಣ ಯಾರ ಜೇಬಿಗೂ ಹೋಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ಕಟ್ಟುವ ಹೊತ್ತಿಗೆ ಅವರ ಸ್ವಂತ ಬದುಕು ಕುಸಿಯುತ್ತಿತ್ತು. 1863ರಲ್ಲಿ ಹೆಂಡತಿ ಎಮಿಲೀ ತೀರಿಕೊಂಡರು. ಹುಟ್ಟಿದ ಮಕ್ಕಳಲ್ಲಿ ಕೆಲವರು ಚಿಕ್ಕವರಿದ್ದಾಗಲೇ ಹೋಗಿದ್ದರು. ಅವರಿಗೂ ಆರೋಗ್ಯ ಕೆಟ್ಟಿತು, ಕಣ್ಣು ಇನ್ನಷ್ಟು ಮಂಜಾಯಿತು. 1865ರಲ್ಲಿ, 47ನೆಯ ವಯಸ್ಸಿಗೆ, ಸರ್ಕಾರ ಅವರನ್ನು ನಿವೃತ್ತಿಗೊಳಿಸಿತು. ಪಿಂಚಣಿ ಸಣ್ಣದು. ಸಾಲ ಸಂಘಗಳನ್ನು ಹುಟ್ಟುಹಾಕಿದ ಮನುಷ್ಯ ಹೊಟ್ಟೆಪಾಡಿಗಾಗಿ ಮೊದಲು ಚುಟ್ಟಾ ತಯಾರಿಸುವ ಕಾರ್ಖಾನೆ, ಆಮೇಲೆ ದ್ರಾಕ್ಷಿ ಮದ್ಯದ ವ್ಯಾಪಾರ ನಡೆಸಬೇಕಾಯಿತು. ಸಂಘಗಳಿಂದ ಅವರು ಸಂಬಳ ತೆಗೆದುಕೊಳ್ಳಲಿಲ್ಲ.

ಮುಂದಿನ ವರ್ಷ, 1866ರಲ್ಲಿ, ಸಾಲ ಸಂಘಗಳ ಬಗ್ಗೆ ಅವರ ಪುಸ್ತಕ ಬಂತು. ಸಂಘ ಕಟ್ಟುವುದು ಹೇಗೆ, ನಿಯಮಗಳೇನು, ಲೆಕ್ಕ ಇಡುವುದು ಹೇಗೆ ಎಂದು ಹಳ್ಳಿಯವರಿಗೆ ತಿಳಿಯುವಂತೆ ಬರೆದ ಪುಸ್ತಕ. ಬರೆದ ಕೈ ಮಾತ್ರ ಅವರದಲ್ಲ. ಅವರು ಹೇಳುತ್ತಾ ಹೋದರು, ಬರೆದವಳು ಮಗಳು ಅಮಾಲಿಯೆ. ಕ್ಷಾಮದ ವರ್ಷದಲ್ಲಿ ಹುಟ್ಟಿದ ಆ ಮಗುವಿಗೆ ಆಗ 20 ವರ್ಷ ಆಗಿತ್ತು. ಪತ್ರ ಓದುವುದು, ಉತ್ತರ ಬರೆಯುವುದು, ಲೆಕ್ಕ ತಾಳೆ ನೋಡುವುದು ಎಲ್ಲ ಅವಳದೇ ಕೆಲಸ. ಅವಳು ಮದುವೆಯಾಗಲಿಲ್ಲ. ತಂದೆಗೆ ಕಣ್ಣಾಗಿ ಕೊನೆಯವರೆಗೂ ಉಳಿದಳು. ಪುಸ್ತಕದ ಮೇಲಿರುವುದು ತಂದೆಯ ಹೆಸರೊಂದೇ. ನಮ್ಮ ಪಾಠಪುಸ್ತಕಗಳಲ್ಲಿ ರೈಫೈಸನ್ ಹೆಸರು ಎಂದಾದರೂ ಬಂದರೆ ಪಕ್ಕದಲ್ಲಿ ಅಮಾಲಿಯೆ ಹೆಸರೂ ಬರಬೇಕು ಎಂದು ನನ್ನ ಆಸೆ.

ಪುಸ್ತಕದಿಂದ ಸಂಘಗಳು ಹರಡಿದವು. ಒಂದು ಹಳ್ಳಿಯಲ್ಲಿ ಹಣ ಮಿಕ್ಕರೆ ಇನ್ನೊಂದು ಹಳ್ಳಿಯಲ್ಲಿ ಸಾಲದೇ ಬರುತ್ತಿತ್ತು. ಒಂದೇ ಕಡೆ ಆಲಿಕಲ್ಲು ಮಳೆ ಬಿದ್ದರೆ ಆ ಊರಿನ ಸದಸ್ಯರೆಲ್ಲ ಒಟ್ಟಿಗೇ ಸೋಲುತ್ತಿದ್ದರು. ಹೀಗಾಗಿ 1872ರಲ್ಲಿ ಸಂಘಗಳಿಗೆಲ್ಲ ಒಂದು ಪ್ರಾದೇಶಿಕ ಬ್ಯಾಂಕು ಕಟ್ಟಿದರು. ಇಲ್ಲಿ ಕಾನೂನಿನ ತೊಡಕು ಬಂತು. ಸಂಘಗಳೇ ಸದಸ್ಯರಾಗುವ ಸಂಘಕ್ಕೆ ಆಗಿನ ಕಾನೂನಿನಲ್ಲಿ ಜಾಗ ಇರಲಿಲ್ಲ. ಆಕ್ಷೇಪ ಎತ್ತಿದವರಲ್ಲಿ ಮುಂದೆ ನಿಂತವರು ಹಿಂದೆ ಅವರಿಗೆ ದಾರಿ ತೋರಿಸಿದ್ದ ಶುಲ್ಟ್ಸೆ ಅವರೇ. ಉಳಿತಾಯವನ್ನು ಜನ ಯಾವಾಗ ಬೇಕಾದರೂ ವಾಪಸು ಕೇಳಬಹುದು, ಅಂಥ ಹಣವನ್ನು ವರ್ಷಗಟ್ಟಲೆ ಸಾಲ ಕೊಡುವುದು ಅಪಾಯ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಕೊನೆಗೆ 1876ರಲ್ಲಿ ರೈಫೈಸನ್ ಕೇಂದ್ರ ಬ್ಯಾಂಕನ್ನು ಶೇರು ಕಂಪನಿಯಾಗಿ ಕಟ್ಟಬೇಕಾಯಿತು. ಮರುವರ್ಷ ಸಂಘಗಳ ಒಕ್ಕೂಟವೂ ನಾಯ್‌ವೀಡ್‌ನಲ್ಲಿ ಶುರುವಾಯಿತು.

ಅವರ ಬಗ್ಗೆ ಒಂದು ಕಹಿ ಮಾತನ್ನೂ ಬರೆಯದೆ ಬಿಡಲಾರೆ. ರೈತರನ್ನು ಬಡ್ಡಿಯಲ್ಲಿ ಸುಲಿದ ವ್ಯಾಪಾರಿಗಳಲ್ಲಿ ಯಹೂದಿಗಳೂ ಇದ್ದರು, ಕ್ರೈಸ್ತರೂ ಇದ್ದರು. ಆದರೆ ರೈಫೈಸನ್ ಅವರ ಬರಹಗಳಲ್ಲಿ ಕೆಲವು ಕಡೆ ತಪ್ಪನ್ನು ಇಡೀ ಯಹೂದಿ ಸಮುದಾಯದ ಮೇಲೆ ಹಾಕಿದ ಮಾತುಗಳಿವೆ. ಆ ಕಾಲದಲ್ಲಿ ಜರ್ಮನಿಯಲ್ಲಿ ಬಹಳ ಮಂದಿ ಹಾಗೆ ಮಾತಾಡುತ್ತಿದ್ದರು ಎಂಬುದು ಸಮಜಾಯಿಷಿ ಆಗುವುದಿಲ್ಲ. ಕೆಲವರ ತಪ್ಪಿಗೆ ಒಂದು ಕೌಮಿನ ಕಡೆಗೇ ಬೆರಳು ತೋರಿಸಿದರೆ ಹೇಗಿರುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಸಿದವನ ನೋವು ಅಷ್ಟು ಚೆನ್ನಾಗಿ ಕಂಡವರಿಗೆ ಇದು ಕಾಣಲಿಲ್ಲ.

1888ರ ಮಾರ್ಚ್ 11ರಂದು ಹೆಡೆಸ್‌ಡಾರ್ಫಿನಲ್ಲಿ ಅವರು ತೀರಿಕೊಂಡರು. 70 ತುಂಬಲು ಇನ್ನೂ 19 ದಿನ ಬಾಕಿ ಇತ್ತು. ಎರಡು ದಿನ ಮುಂಚೆ ಜರ್ಮನಿಯ ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಸತ್ತಿದ್ದರಿಂದ ದೇಶವೆಲ್ಲ ಆ ದುಃಖಾಚರಣೆಯಲ್ಲಿತ್ತು. ಆ ಹೊತ್ತಿಗೆ ರೈಫೈಸನ್ ಒಕ್ಕೂಟದಲ್ಲಿ 400ಕ್ಕೂ ಹೆಚ್ಚು ಸಂಘಗಳಿದ್ದವು.

ಈ ಕಥೆ ನಮ್ಮ ನಾಡಿಗೆ ಬಂದದ್ದೂ ಬರಗಾಲದ ದಾರಿಯಲ್ಲೇ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ ದಖ್ಖನಿನ ಮಹಾಕ್ಷಾಮ ಬಂತು. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಬರ ಎಂದು ಕರೆದರು. ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಬ್ರಿಟಿಷ್ ಸರ್ಕಾರ ಕಲ್ಲು ಒಡೆಯುವ, ಕೆರೆ ತೋಡುವ ಪರಿಹಾರ ಕೆಲಸ ಕೊಟ್ಟಿತು. ಆದರೆ ಖರ್ಚು ಉಳಿಸಲು 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ರೈಫೈಸನ್ ತಮ್ಮ ಒಕ್ಕೂಟ ಕಟ್ಟಿದ ವರ್ಷವೇ ಇದು.

ಬರ ಮುಗಿದರೂ ಸಾಲ ಮುಗಿಯಲಿಲ್ಲ, ಅಲ್ಲಿಯ ಹಾಗೆಯೇ. ರೈತರಿಗೆ ಸಾಲದ ಬೇರೆ ದಾರಿ ಹುಡುಕಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ವರದಿ ಯುರೋಪಿನ ಎಲ್ಲ ಪದ್ಧತಿಗಳನ್ನು ತೂಗಿ ನೋಡಿ, ಭಾರತದ ಹಳ್ಳಿಗೆ ಹೊಂದುವುದು ರೈಫೈಸನ್ ಪದ್ಧತಿ ಎಂದಿತು. 1904ರ ಸಹಕಾರ ಸಾಲ ಸಂಘಗಳ ಕಾಯಿದೆಯಲ್ಲಿ ಆ ಗುರುತು ಎದ್ದು ಕಾಣುತ್ತದೆ: ಕನಿಷ್ಠ 10 ಮಂದಿ ಸದಸ್ಯರು, ಒಂದೇ ಊರಿನವರು ಅಥವಾ ಒಬ್ಬರಿಗೊಬ್ಬರು ಹತ್ತಿರದವರು. ಗ್ರಾಮೀಣ ಸಂಘದಲ್ಲಿ ಅಪರಿಮಿತ ಹೊಣೆ, ಲಾಭ ರಿಸರ್ವ್ ಫಂಡಿಗೆ.

ಆ ಕಾಯಿದೆಯ ಕೆಳಗೆ ಮರುವರ್ಷ, 1905ರಲ್ಲಿ, ದೇಶದ ಮೊದಲ ಕೃಷಿ ಸಹಕಾರ ಸಂಘ ಎಂದು ಹೆಸರಾದ ಸಂಘ ನೋಂದಣಿಯಾದದ್ದು ಮುಂಬಯಿಯಲ್ಲೂ ಅಲ್ಲ, ಮದ್ರಾಸಿನಲ್ಲೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಅದೇ ಊರಿನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಧಾತು ಈಶ್ವರ ಬರ ಕಳೆದು ಆಗ ಇನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ. ಆ ಬರವನ್ನು ಕಣ್ಣಾರೆ ಕಂಡವರು ಊರೂರಿನಲ್ಲಿ ಬದುಕಿದ್ದರು.